ಹೆಬ್ಬೆರಳಿನ ಕರಿ ಉಗುರು

ಕ್ಯಾರಲ್‌ಳ ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿಹೋದ ಹಾಗೆ ನೀಲಿಗಟ್ಟಿದ ಕಪ್ಪು. ತಾಯಿ ರೋಸಿ ಕೇಳಿದಾಗಲೆಲ್ಲ "ಬಸ್ಸಿನಲ್ಲಿ ಯಾರೋ ತುಳಿದರು ಮಮ್ಮಿ" ಎಂದು ಜಾರಿಕೊಳ್ಳುತ್ತಿದ್ದಳು. ಕಾರ್ಕಳದಿಂದ ಕಾಪುವಿನ ಶಾಲೆಯೊಂದಕ್ಕೆ ಸಂಗೀತ ಕಲಿಸಲು ದಿನಾ ಹೋಗಿಬರುವವಳು, ಬೆಳಗ್ಗಿನ ಆ ಬಸ್ಸಿನ ನೂಕುನುಗ್ಗಲು ಯಾರಿಗೆ ಗೊತ್ತಿಲ್ಲ? ಆದರೂ ರೋಸಿಗೆ ಒಳಗೊಳಗೇ ಸಂಶಯ. ಬಸ್ಸಿನಲ್ಲಿ ತುಳಿಯುವವರೆಲ್ಲ ಪ್ರತಿಸಲ ಬಲಗಾಲನ್ನೇ ಹುಡುಕಿ ತುಳಿಯುತ್ತಾರಾ?

ತುಳಿಯುತ್ತಿದ್ದವರು ಬೇರೆ ಯಾರೂ ಅಲ್ಲ, ರೋಸಿಯ ಗಂಡ ಕಜೆಟನ್.

ಕಜೆಟನ್ ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪಿಟೀಲು ಹಿಡಿದು ಕುಳಿತದ್ದು ಮೀಸೆ ಮೂಡುವ ಮೊದಲು. ಈಗ ಆ ಮೀಸೆ ಪೂರ್ತಿ ಬೆಳ್ಳಗಾಗಿದೆ. ಹುಟ್ಟಿದವರ ಜ್ಞಾನಸ್ನಾನಕ್ಕೆ, ಕೂಡಿದವರ ಮದುವೆಗೆ, ಹೋದವರ ಮಣ್ಣಿಗೆ ಅವರ ಪಿಟೀಲು ಬೇಕೇ ಬೇಕು. ಊರವರು ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಅಂಥವರಿಗೆ ಕೆಲವು ವರ್ಷಗಳ ಹಿಂದೆ ಕಿವಿ ಕೈಕೊಟ್ಟಿತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಫೋನಿನ ಗಂಟೆ, ಆಮೇಲೆ ಹೆಂಡತಿಯ ಮಾತು. ಕೊನೆಯದ್ದರಲ್ಲಿ ರೋಸಿಗೆ ಏನೂ ವಿಶೇಷ ಕಾಣಲಿಲ್ಲ. "ಮದುವೆಯಾದ ದಿನದಿಂದ ನನ್ನ ಮಾತು ಯಾವಾಗ ಕೇಳಿದ್ದಾರೆ ಇವರು?" ಎಂದು ಅವಳು ನಾಲ್ಕು ಜನರ ಮುಂದೆಯೇ ನಗುತ್ತಿದ್ದಳು.

ಉಡುಪಿಯಿಂದ ಯಾರಿಗೂ ಹೇಳದೆ ಕಿವಿಗೆ ಹಾಕುವ ಯಂತ್ರವೊಂದನ್ನು ತಂದದ್ದೂ ಆಯಿತು. ಹಾಕಿಕೊಂಡು ಕಮಾನು ಎಳೆದರೆ ತಗಡು ಕೆರೆದ ಸದ್ದು. ಅದನ್ನು ಕಿತ್ತು ಕಪಾಟಿನ ಒಳಗೆ ಹಾಕಿದವರು ಮತ್ತೆ ಮುಟ್ಟಲಿಲ್ಲ. ತನ್ನ ಪಿಟೀಲಿನ ಸ್ವರ ಮಾತ್ರ ದವಡೆಯ ಎಲುಬಿನ ಮೂಲಕ ಹೇಗೋ ತಲೆಯೊಳಗೆ ಇಳಿಯುತ್ತಿತ್ತು. ಬೇರೆಯವರದ್ದು ಏನೂ ಇಲ್ಲ. ಒಂದು ಸಂಜೆ ಮಗಳನ್ನು ಮನೆಯ ಅಲ್ತಾರಿನ, ಅಂದರೆ ದೇವರ ಪೀಠದ, ಮುಂದೆ ನಿಲ್ಲಿಸಿ ಅವರು ವಿಷಯ ಹೇಳಿದರು, ಹೇಳಿ ಮಾತು ತೆಗೆದುಕೊಂಡರು. "ಯಾರಿಗೂ ಗೊತ್ತಾಗಬಾರದು ಬಾಯೆ. ನಿನ್ನ ಮಮ್ಮಿಗೂ." ಅವಳು ಹೂಂ ಅಂದಳು. ಆ ಕ್ಷಣದಲ್ಲಿ ಬೇರೆ ಏನು ಹೇಳಬಹುದಿತ್ತು?

ಉಪಾಯ ಅವರದ್ದೇ. ಕ್ಯಾರಲ್ ಚಿಕ್ಕವಳಿದ್ದಾಗ ಇಗರ್ಜಿಯ ಹಿಂದಿನ ಮಾಳಿಗೆಯಲ್ಲಿ ಹಾಡುವವರ ನಡುವೆ ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಪಾದವನ್ನು ಅವಳ ಪಾದದ ಮೇಲಿಟ್ಟು ತಾಳ ಕಲಿಸುತ್ತಿದ್ದರು. ಕೆಳಗೆ ಪೂಜೆ ನಡೆಯುವಾಗ ಬಾಯಿಬಿಟ್ಟು ಎಣಿಸುವ ಹಾಗಿಲ್ಲವಲ್ಲ. ಅದೇ ಪಾಠ ಈಗ ತಿರುಗಿ ಬಂತು. ಅವರ ಎಡಗಾಲ ಬೂಟು ಅವಳ ಬಲಗಾಲಿನ ಮೇಲೆ. ಅವಳ ಬೆರಳು ಮೇಲೆದ್ದರೆ ತಾಳ, ಒತ್ತಿ ನಿಂತರೆ ನಿಲುಗಡೆ, ಒಂದು ಸಣ್ಣ ಅಲುಗಾಟ ಬಂದರೆ "ಈಗ ನೀವು ಹೊರಡಿ" ಎಂದು ಅರ್ಥ. ಕೆಳಗಿನ ಪಾದ ಹೇಳುತ್ತದೆ, ಮೇಲಿನ ಪಾದ ಕೇಳುತ್ತದೆ. ಚಿಕ್ಕಂದಿನಲ್ಲಿ ಆ ಪಾದ ಹಗುರವಾಗಿತ್ತು. ಈಗ ಕೇಳಿಸದ ಭಯವೆಲ್ಲ ಸೇರಿ ಅದು ಕಲ್ಲಿನಷ್ಟು ಭಾರವಾಗಿತ್ತು.

ಊರಿನಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಬದಲಿಗೆ "ಅಪ್ಪ ಮಗಳು ನುಡಿಸುವುದು ನೋಡಿ, ಒಂದೇ ಉಸಿರು" ಎಂದು ಹೊಗಳಿದರು. ಕ್ಯಾರಲ್‌ಗೆ ಈ ಹೊಗಳಿಕೆ ಕೇಳಿದರೆ ಮೈ ಉರಿಯುತ್ತಿತ್ತು. ಜ್ವರ ಬಂದರೂ ಅವಳು ಇಗರ್ಜಿಗೆ ಹೋಗಲೇಬೇಕು. ಗೆಳತಿ ಸೋಫಿಯಾಳ ಮದುವೆಯಲ್ಲಿ ಎಲ್ಲರೂ ಕೈಹಿಡಿದು ಕುಣಿಯಲು ಎಳೆದರು, ಅವಳು ಕುರ್ಚಿ ಬಿಟ್ಟು ಏಳುವ ಹಾಗಿರಲಿಲ್ಲ. ಮೂವತ್ತು ದಾಟಿದ ಹೆಣ್ಣು ಒಂದು ಬೂಟಿನ ಕೆಳಗೆ ಸಿಕ್ಕಿಕೊಂಡಿದ್ದೇನೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ತಂದೆಯ ಮೇಲೆ ಅವಳಿಗೆ ಪ್ರೀತಿ ಇತ್ತು. ಆ ಪ್ರೀತಿಯೇ ಕೆಲವು ದಿನ ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಒಳಗೂ ಹೋಗುತ್ತಿರಲಿಲ್ಲ, ಹೊರಗೂ ಬರುತ್ತಿರಲಿಲ್ಲ.

ಹೀಗಿರುವಾಗ ಮಣಿಪಾಲದ ಕಾರ್ಯಕ್ರಮ ಬಂತು.

ಅಲ್ಲಿಯ ಸಂಗೀತ ಬಳಗವನ್ನು ನಡೆಸುತ್ತಿದ್ದವರು ಡಾಕ್ಟರ್ ಹೃಷೀಕೇಶ. ವೈದ್ಯಕೀಯ ಪಾಠ ಹೇಳಿ ನಿವೃತ್ತರಾದ ಮೇಲೆ ಅವರಿಗೆ ಸಂಗೀತವೇ ಕೆಲಸ, ಊಟ, ನಿದ್ದೆ. ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ನಾಲ್ವರೇ ಕುಳಿತು ನುಡಿಸುವ ಪದ್ಧತಿಯೊಂದುಂಟು. ಎರಡು ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಿಯೋಲಾ ಒಂದು, ಮೊಣಕಾಲುಗಳ ನಡುವೆ ಹಿಡಿಯುವ ಚೆಲ್ಲೋ ಒಂದು. ಅದಕ್ಕೆ ಕ್ವಾರ್ಟೆಟ್ ಎನ್ನುತ್ತಾರೆ. ಮಣಿಪಾಲದಲ್ಲಿ ನಮ್ಮದೇ ಊರಿನವರ ಕ್ವಾರ್ಟೆಟ್ ಕೇಳಬೇಕೆಂಬ ಹಟ ಡಾಕ್ಟರದ್ದು. ಕಜೆಟನ್ ಮೊದಲನೇ ಪಿಟೀಲು, ಕ್ಯಾರಲ್ ಎರಡನೆಯದು. ವಿಯೋಲಾಕ್ಕೆ ಅಂಬಲಪಾಡಿಯ ಸುಘೋಷ. ಕರ್ನಾಟಕ ಸಂಗೀತದಲ್ಲಿ ಹಾಡುಗಾರರಿಗೆ ಪಕ್ಕವಾದ್ಯ ನುಡಿಸಿ ಪಳಗಿದ ಕೈ. ಚೆಲ್ಲೋಗೆ ಕ್ಯಾರಲ್‌ಳ ಚಿಕ್ಕಮ್ಮನ ಮಗ ಕಾರ್ಲ್.

ಈ ಕ್ವಾರ್ಟೆಟ್‌ನಲ್ಲಿ ಎರಡನೇ ಪಿಟೀಲಿನ ಪಾಡೇನು ಎಂದು ಹೇಳಲೇಬೇಕು. ಹಾಡು ಮೊದಲನೆಯವನದ್ದು, ದುಡಿತ ಎರಡನೆಯವಳದ್ದು. ಮದುವೆ ಮನೆಯಲ್ಲಿ ಹಿಂದಿನ ಬಾಗಿಲಲ್ಲಿ ನಿಂತು ಬಡಿಸುವವರ ಹಾಗೆ. ಆದರೆ ಅಂದು ನುಡಿಸಬೇಕಾಗಿದ್ದ ದೊಡ್ಡ ಕೃತಿಯ ಎರಡನೆಯ ಭಾಗದಲ್ಲಿ ಒಂದು ಜಾಗ ಇತ್ತು. ಒಂದು ನಿಧಾನವಾದ ರಾಗವನ್ನು ನಾಲ್ವರೂ ಸೇರಿ ಒಮ್ಮೆ ನುಡಿಸಿದ ಮೇಲೆ, ವಿಯೋಲಾ, ಚೆಲ್ಲೋ ಸುಮ್ಮನಾಗುತ್ತವೆ. ಎರಡು ಪಿಟೀಲುಗಳೇ ಉಳಿಯುತ್ತವೆ. ಆಗ ರಾಗ ಎರಡನೇ ಪಿಟೀಲಿಗೆ. ಮೊದಲನೆಯದು ಅದರ ಸುತ್ತ ಚುರುಕಾದ ಸಣ್ಣ ಸ್ವರಗಳನ್ನು ನೇಯುತ್ತ ಹೋಗುತ್ತದೆ. ಇಡೀ ಸಂಜೆಯಲ್ಲಿ ಕ್ಯಾರಲ್‌ಳದ್ದು ಎನ್ನುವ ಹಾಡು ಅದೊಂದೇ. ತಿಂಗಳುಗಟ್ಟಲೆ ಅವಳು ಅದಕ್ಕೆ ಕಾದಿದ್ದಳು.

ಆ ರಾಗದ್ದು ಇನ್ನೊಂದು ಕತೆ. ಬರೆದವನು ಆಸ್ಟ್ರಿಯಾ ದೇಶದವನು, ಇನ್ನೂರು ವರ್ಷಗಳಿಗೂ ಹಿಂದಿನವನು. ಆದರೆ ಅದು ಯಾವುದೋ ಕಾಲದಲ್ಲಿ ಯಾವುದೋ ಪಾದ್ರಿಯ ಜೊತೆ ಹಡಗು ಹತ್ತಿ ಇವರ ಇಗರ್ಜಿಗೂ ಬಂದು ಸೇರಿತ್ತು. ಪರಮ ಪ್ರಸಾದದ, ಎಂದರೆ ಯೇಸುವಿನ ದೇಹವೆಂದು ನಂಬುವ ರೊಟ್ಟಿಯ, ಆರಾಧನೆಯಲ್ಲಿ ಲ್ಯಾಟಿನ್ ಗೀತೆಯೊಂದನ್ನು ಊರವರು ಇದೇ ರಾಗದಲ್ಲಿ ಹಾಡುತ್ತಿದ್ದರು. ಮೊದಲನೆಯ ಚರಣಕ್ಕೆ ಎಲ್ಲರೂ ಮೊಣಕಾಲೂರುತ್ತಾರೆ. ಪಾದ್ರಿ ಧೂಪ ಹಾಕುವ ತನಕ ಹಾಡು ತಡೆಯುತ್ತದೆ, ಆಮೇಲೆ ಎರಡನೆಯ ಚರಣ. ಕಜೆಟನ್ ಅದನ್ನು ಎಷ್ಟು ಸಲ ನುಡಿಸಿದ್ದಾರೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕಮಾನು ಕೊಟ್ಟರೂ ನುಡಿಸಿಯಾರು. ಊರವರಿಗೆ ತಮ್ಮ ರಾಗ ಮಣಿಪಾಲದಲ್ಲಿ ಕೇಳಿದರೆ ಖುಷಿಯಾದೀತು ಎಂದಷ್ಟೇ ಕ್ಯಾರಲ್ ಯೋಚಿಸಿದ್ದಳು. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಕಾರ್ಯಕ್ರಮದ ಸಂಜೆ ವೇದಿಕೆಯ ಹಿಂದಿನ ಕೋಣೆಗೆ ಡಾಕ್ಟರ್ ಹೃಷೀಕೇಶ ಬಂದರು. ಕೈಯಲ್ಲಿ ಜರಿಯಂಚಿನ ಶಾಲಿನ ಪೊಟ್ಟಣ. ಕ್ಯಾರಲ್‌ಳನ್ನು ಬಾಗಿಲ ಬದಿಗೆ ಕರೆದು ದನಿ ತಗ್ಗಿಸಿದರು.

"ಕ್ಯಾರಲ್, ಒಂದು ವಿಷಯ ಉಂಟು. ಬರುವ ಜೂನ್‌ನಿಂದ ಬಳಗಕ್ಕೆ ಒಂದು ಕಾಯಂ ಕ್ವಾರ್ಟೆಟ್ ಮಾಡುವ ಅಂತ ತೀರ್ಮಾನ ಆಗಿದೆ. ತಿಂಗಳಿಗೊಂದು ಕಛೇರಿ. ಮೊದಲನೇ ವಯಲಿನ್ ನೀವು."

ಕ್ಯಾರಲ್ ಬೆಚ್ಚಿ ತಂದೆಯ ಕಡೆ ನೋಡಿದಳು. ಕಜೆಟನ್ ನಾಲ್ಕು ಹೆಜ್ಜೆ ಆಚೆ ಕುಳಿತು ಕಮಾನಿಗೆ ರಾಳ ಉಜ್ಜುತ್ತಿದ್ದರು. ಇಬ್ಬರನ್ನೂ ನೋಡಿ ನಗುಮುಖ ಮಾಡಿದರು.

"ಡ್ಯಾಡಿ?" ಎಂದಳು ಅವಳು, ಸಣ್ಣ ಸ್ವರದಲ್ಲಿ. ಸಣ್ಣ ಸ್ವರದ ಅಗತ್ಯವೇ ಇರಲಿಲ್ಲ.

"ಅವರಿಗೆ ವಯಸ್ಸಾಯಿತು ಅಲ್ವಾ? ಕೈ ಈಗಲೂ ಬಂಗಾರ. ಆದರೆ ನಾನು ರಿಹರ್ಸಲ್‌ನಲ್ಲಿ ಗಮನಿಸಿದ್ದೇನೆ, ಎಂತದೋ ಒಂದು ಸರಿಯಿಲ್ಲ. ಬೇರೆಯವರನ್ನು ಕೇಳಿಸಿಕೊಂಡು ನುಡಿಸುವುದಿಲ್ಲ ಅವರು. ಎರಡನೆಯ ಜಾಗಕ್ಕೆ ಗಾನವಿ ಅಂತ ಒಳ್ಳೆಯ ಹುಡುಗಿ ಇದ್ದಾಳೆ, ಮಾತಾಡಿ ಆಗಿದೆ. ಇವತ್ತು ಕೊನೆಯಲ್ಲಿ ಸರ್‌ಗೆ ಒಂದು ಶಾಲು ಹೊದಿಸಿ, ಗೌರವದಿಂದ ಬೀಳ್ಕೊಟ್ಟು, ಹೊಸ ಕ್ವಾರ್ಟೆಟ್ ಘೋಷಣೆ ಮಾಡುವ. ನೀವು ಹೂಂ ಅಂದರೆ ಸಾಕು."

"ಕೊನೆಯಲ್ಲಿ ಹೇಳುತ್ತೇನೆ ಸರ್."

"ಆಯ್ತು. ನಾನು ಮೈಕಿನ ಹತ್ತಿರ ಇರುತ್ತೇನೆ. ಅಲ್ಲಿಂದಲೇ ತಲೆ ಆಡಿಸಿದರೂ ಸಾಕು ಮಾರಾಯ್ತಿ."

ಅವಳಿಗೆ ಆಸೆಯಾಯಿತು. ಸುಳ್ಳೇಕೆ, ಬಾಯಲ್ಲಿ ನೀರೂರುವಷ್ಟು ಆಸೆಯಾಯಿತು. ಬಲಗಾಲನ್ನು ತನಗೆ ಬೇಕಾದಲ್ಲಿ ಇಟ್ಟುಕೊಂಡು, ತನಗೆ ಬೇಕಾದ ಹಾಗೆ ಉಸಿರೆಳೆದುಕೊಂಡು ನುಡಿಸುವುದು. ಒಳಗೆ ಅವಳು ಹೂಂ ಅಂದೇ ಆಗಿತ್ತು. ಅಷ್ಟರಲ್ಲಿ ಇನ್ನೊಂದು ಚಿತ್ರ ಕಣ್ಣಮುಂದೆ ಬಂತು. ವೇದಿಕೆಯ ನಡುವೆ ಶಾಲು ಹೊದ್ದು ನಿಂತ ಡ್ಯಾಡಿ. ಮೈಕಿನಲ್ಲಿ ಅವರನ್ನು ಕಳುಹಿಸಿಕೊಡುವ ಮಾತು. ಒಂದಕ್ಷರವೂ ಕೇಳಿಸದೆ, ಎಲ್ಲದಕ್ಕೂ ತಲೆಯಾಡಿಸುತ್ತ, ತನ್ನನ್ನು ತೆಗೆದುಹಾಕಿದ್ದಕ್ಕೆ ತಾನೇ ಕೈಮುಗಿದು ನಗುತ್ತ ನಿಂತ ಡ್ಯಾಡಿ.

"ಎಂತ ಹೇಳಿದರು ಡಾಕ್ಟರ್?" ಎಂದು ಕಜೆಟನ್ ಕಣ್ಣಲ್ಲೇ ಕೇಳಿದರು.

ಅವಳು ಹೆಬ್ಬೆರಳು ಎತ್ತಿ ತೋರಿಸಿದಳು. ಎಲ್ಲ ಚೆನ್ನಾಗಿದೆ ಎಂದು.

ಸಭಾಂಗಣ ತುಂಬಿತ್ತು. ಮುಂದೆ ಪ್ರೊಫೆಸರುಗಳು, ಡಾಕ್ಟರುಗಳು, ಒಂದಿಬ್ಬರು ಪರದೇಶದ ವಿದ್ಯಾರ್ಥಿಗಳು. ನಡುವಿನ ಸಾಲುಗಳಲ್ಲಿ ಕಾರ್ಕಳದ ಇಗರ್ಜಿಯವರು. ಮಾಸ್ಟರ್ ನುಡಿಸುತ್ತಾರೆಂದು ಬಸ್ಸು ಮಾಡಿಕೊಂಡು ಬೈಲೂರು, ಹಿರಿಯಡ್ಕದ ತಿರುವುಗಳಲ್ಲಿ ವಾಲಾಡಿ ಬಂದವರು. ರೋಸಿ ಅವರ ನಡುವೆ, ಅವಳ ಪಕ್ಕದಲ್ಲಿ ಬರ್ತಾ ಬಾಯಿ. ಬರ್ತಾ ಬಾಯಿಗೆ ಎಂಬತ್ತರ ಮೇಲಾಗಿದೆ, ಎರಡೂ ಮೊಣಕಾಲು ಹೋಗಿದೆ, ಆದರೂ ಆರಾಧನೆಗೆ ಕುರ್ಚಿ ಕೊಟ್ಟರೆ ಕೂರುವವರಲ್ಲ. ಡಾಕ್ಟರ್ ಹೃಷೀಕೇಶ ಮೈಕಿನಲ್ಲಿ, ಭಾಗ ಭಾಗದ ನಡುವೆ ಯಾರೂ ಚಪ್ಪಾಳೆ ತಟ್ಟಬಾರದು ಎಂದು ಮೇಷ್ಟ್ರ ದನಿಯಲ್ಲಿ ಹೇಳಿದರು. ಇಗರ್ಜಿಯವರಿಗೆ ಅದೇನು ಕಷ್ಟದ್ದಲ್ಲ.

ನಾಲ್ವರೂ ಕುಳಿತರು. ವೇದಿಕೆಯ ಅಂಚಿಗೆ ಸಾಲಾಗಿ ಇಟ್ಟ ಹೂಕುಂಡಗಳು ಅವರ ಪಾದಗಳನ್ನು ಮರೆಮಾಡಿದ್ದವು. ಅದನ್ನು ಹಾಗೆ ಇಡಿಸಿದವಳು ಕ್ಯಾರಲ್. ಯಾವಾಗಲಿನಂತೆ ಅವಳು ಚಪ್ಪಲಿ ಕಳಚಿ ಕುಳಿತಿದ್ದಳು. ಕಜೆಟನ್ ಎಡಗಾಲು ಜರುಗಿಸಿ ಅವಳ ಪಾದ ಹುಡುಕಿದರು, ಬೂಟು ಮೇಲೇರಿತು, ಭಾರ ಬಿತ್ತು. ಉಗುರಿನ ಬುಡದಿಂದ ನೋವು ಮೊಣಕಾಲಿನ ತನಕ ಹತ್ತಿ ಬಂತು. ಅವಳು ಹಲ್ಲು ಕಚ್ಚಿದಳು.

ಮೊದಲಿನ ಸಣ್ಣ ಕೃತಿ ಸಲೀಸಾಗಿ ಮುಗಿಯಿತು. ದೊಡ್ಡ ಕೃತಿಯ ಮೊದಲನೆಯ ಭಾಗವೂ ಆಯಿತು. ಬೇರೆಯವರು ಸಂಗೀತ ಕೇಳುತ್ತಿದ್ದರು. ಕ್ಯಾರಲ್ ಎರಡು ಕೆಲಸ ಮಾಡುತ್ತಿದ್ದಳು. ಕೈ ತನ್ನ ಪಾಲಿನದ್ದನ್ನು ನುಡಿಸಬೇಕು, ಕಾಲು ಅವರ ಪಾಲಿನದ್ದನ್ನು ಹೇಳಬೇಕು. ಬೆನ್ನಿನಲ್ಲಿ ಬೆವರು ಇಳಿಯಿತು. ಕುರ್ಚಿಯಲ್ಲಿ ಒಂದು ಬೆರಳಿನಷ್ಟು ಆಚೀಚೆ ಆಗಲು ಬಿಡುವಿಲ್ಲ. ದೀಪಗಳ ಬಿಸಿ ನೆತ್ತಿಗೆ ಹೊಡೆಯುತ್ತಿತ್ತು. ಇಷ್ಟು ಜನ ನೋಡುತ್ತಿರುವಾಗಲೂ ತಾನು ಯಾರ ಕಣ್ಣಿಗೂ ಬೀಳದ ಕತ್ತಲಕೋಣೆಯಲ್ಲಿ ಕೂಡಿಹಾಕಲ್ಪಟ್ಟಿದ್ದೇನೆ ಎಂದು ಅವಳಿಗೆ ಅನಿಸಿತು. ಇದು ಕೊನೆಯ ಸಲ, ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಇನ್ನು ಸ್ವಲ್ಪ ಹೊತ್ತು ಅಷ್ಟೆ.

ಎರಡನೆಯ ಭಾಗ. ಬೆರಳು ಎತ್ತಿದಳು, ಕಜೆಟನ್ ರಾಗ ತೆಗೆದರು. ಹೇಳಬೇಕಾದದ್ದನ್ನು ಹೇಳಲೇಬೇಕು, ಕಿವಿ ಹೋದ ಮನುಷ್ಯ ಎಂದು ಯಾರೂ ಹೇಳಲಾರರು. ಅಷ್ಟು ತುಂಬಿದ ಸ್ವರ. ಎರಡು ಸಾಲು ಕಳೆಯುವುದರೊಳಗೆ ನಡುವಿನ ಸಾಲುಗಳಲ್ಲಿ ಒಂದು ಗಡಬಡ ಆಯಿತು. ಬರ್ತಾ ಬಾಯಿ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದರು, ಸೆರಗನ್ನು ತಲೆಗೆ ಎಳೆದುಕೊಂಡರು, ಆ ಇಕ್ಕಟ್ಟಿನಲ್ಲೇ ನೆಲಕ್ಕೆ ಮೊಣಕಾಲೂರಿದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಸಾಲಿಗೆ ಸಾಲೇ. ಮರದ ನೆಲದ ಮೇಲೆ ಧಡ್ ಧಡ್ ಎಂದು ಮೊಣಕಾಲುಗಳು ಬಿದ್ದವು. ರೋಸಿ ಒಂದು ಕ್ಷಣ ಆಚೀಚೆ ನೋಡಿ, ನಾಚಿಕೊಂಡು, ಅವಳೂ ಊರಿದಳು. ರಾಗ ಕೇಳಿದ ಮೇಲೆ ಕುಳಿತೇ ಇರುವುದು ಅವರಲ್ಲಿ ಯಾರಿಂದ ಸಾಧ್ಯ? ಮುಂದಿನ ಸಾಲಿನ ಪ್ರೊಫೆಸರೊಬ್ಬರು ಹಿಂತಿರುಗಿ ನೋಡಿ, ಯಾರಿಗಾದರೂ ತಲೆ ತಿರುಗಿತೋ ಎಂದು ಗಾಬರಿಯಾಗಿ ಅರ್ಧ ಎದ್ದು ನಿಂತರು.

ಕಜೆಟನ್‌ಗೆ ಆ ಸದ್ದು ಕೇಳಲಿಲ್ಲ. ಆದರೆ ಕಣ್ಣಿಗೆ ಕಾಣಿಸಿತು. ತಲೆಗೆ ಸೆರಗು ಹೊದ್ದ ಸಾಲುಗಳು, ತಗ್ಗಿದ ತಲೆಗಳು.

ಆಗ ಅವರ ಕಾಲು ಅವಳ ಕಾಲಿನ ಮೇಲಿಂದ ಎದ್ದಿತು.

ಕ್ಯಾರಲ್‌ಗೆ ಮೊದಲು ಅರ್ಥವೇ ಆಗಲಿಲ್ಲ. ಅವರು ಎರಡೂ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರ್ಧ ಮುಚ್ಚಿ ಕುಳಿತಿದ್ದರು. ಪರಮ ಪ್ರಸಾದದ ಎದುರು ಇನ್ನೊಬ್ಬರ ಕಾಲಿನ ಮೇಲೆ ಕಾಲಿಟ್ಟು ಕೂರುವುದುಂಟೇ? ಅವರು ಈಗ ಮಣಿಪಾಲದಲ್ಲಿರಲಿಲ್ಲ, ಊರಿನ ಮಾಳಿಗೆಯಲ್ಲಿದ್ದರು. ಗತಿ ನಿಧಾನವಾಯಿತು, ಮುದುಕಿಯರು ಉಸಿರು ಹಿಡಿದು ಹಾಡಬಹುದಾದ ಆ ಹಳೆಯ ಗತಿ. ಸುಘೋಷ ಹುಬ್ಬು ಎತ್ತಿ ಕ್ಯಾರಲ್‌ಳನ್ನು ನೋಡಿದ, ಮರುಕ್ಷಣವೇ ಹಾಡುಗಾರನ ಹಿಂದೆ ಹೋಗುವ ಹಾಗೆ ಸುಮ್ಮನೆ ಹಿಂದೆ ಹೋದ. ಕಾರ್ಲ್ ಅದೇ ಇಗರ್ಜಿಯ ಹುಡುಗ, ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ವರ್ಷಗಳ ಮೇಲೆ ಮೊದಲ ಸಲ, ತಂದೆಯ ಪಕ್ಕದಲ್ಲಿ ಪಿಟೀಲು ಹಿಡಿದಿರುವಾಗ ಕ್ಯಾರಲ್‌ಳ ಬಲಗಾಲು ಬರೀ ನೆಲದ ಮೇಲಿತ್ತು. ತಣ್ಣಗಿತ್ತು ನೆಲ. ಅವಳಿಗೆ ನಗಬೇಕೆನಿಸಿತು, ಓಡಿಹೋಗಬೇಕೆನಿಸಿತು. ಜೊತೆಗೇ ಭಯವೂ ಆಯಿತು, ಕೈ ಬಿಡಿಸಿಕೊಂಡ ಮಗು ರಸ್ತೆಯ ನಡುವೆ ನಿಂತದ್ದನ್ನು ಕಂಡ ಹಾಗೆ.

ರಾಗ ಮುಗಿಯಿತು. ಕಜೆಟನ್ ಕಮಾನು ಎತ್ತಿ ನಿಲ್ಲಿಸಿದರು. ಬರೆದ ಕಾಗದದಲ್ಲಿ ಅಲ್ಲಿ ಅಂಥ ನಿಲುಗಡೆ ಇಲ್ಲ. ಅದು ಧೂಪ ಹಾಕುವ ಹೊತ್ತು. ಈಗ ಬರಬೇಕಾದದ್ದು ಕ್ಯಾರಲ್‌ಳ ರಾಗ. ಅವಳು ಕಮಾನನ್ನು ತಂತಿಯ ಮೇಲಿಟ್ಟಳು, ಉಸಿರೆಳೆದುಕೊಂಡಳು. ಅಷ್ಟರಲ್ಲಿ ಕಜೆಟನ್ ಎರಡನೆಯ ಚರಣ ಸುರು ಮಾಡಿಬಿಟ್ಟರು. ಅವರು ನೇಯಬೇಕಾಗಿದ್ದ ಚುರುಕು ಸ್ವರಗಳನ್ನಲ್ಲ, ಅದೇ ರಾಗವನ್ನು. ಅವಳ ರಾಗವನ್ನು.

ಅವಳಿಗೆ ಸಿಟ್ಟು ಉಕ್ಕಿಬಂತು. ಅದೊಂದೂ ಬಿಡಲಿಲ್ಲವಾ ನೀವು? ಇಷ್ಟು ವರ್ಷ ಕಾಲು ಕೊಟ್ಟೆ. ಒಂದು ಹಾಡು ನನ್ನದೆಂದು ಇಟ್ಟುಕೊಂಡಿದ್ದೆ, ಅದನ್ನೂ ತೆಗೆದುಕೊಂಡಿರಾ?

ಇಬ್ಬರೂ ಒಂದೇ ರಾಗ ನುಡಿಸಿದರೆ ಏನೋ ತಪ್ಪಿದೆಯೆಂದು ಮುಂದಿನ ಸಾಲಿನವರಿಗೆ ತಿಳಿಯುತ್ತದೆ. ಅವಳು ಸುಮ್ಮನಾದರೆ ಇನ್ನೂ ತಿಳಿಯುತ್ತದೆ. ಮೈಕಿನ ಪಕ್ಕದಲ್ಲಿ ಡಾಕ್ಟರ್ ಹೃಷೀಕೇಶ ಕತ್ತು ಮುಂದೆ ಚಾಚಿದ್ದರು. ಉಳಿದ ದಾರಿ ಒಂದೇ. ಕಜೆಟನ್‌ರ ಪಾಲಿನ ಆ ಚುರುಕು ಸ್ವರಗಳನ್ನು ಅವಳು ತಿಂಗಳುಗಟ್ಟಲೆ ಕಾಲಿನಲ್ಲಿ ಹೇಳಿಕೊಟ್ಟಿದ್ದಳಲ್ಲ, ಒಂದೊಂದೂ ಅವಳ ಮೈಯಲ್ಲಿತ್ತು. ಸಿಟ್ಟಿನಲ್ಲೇ ಕಮಾನು ಎತ್ತಿ ಅವಳು ಅದಕ್ಕೆ ಹಾರಿದಳು.

ಬೆರಳುಗಳು ಓಡಿದವು. ಕೆಳಗೆ ತಂದೆಯ ರಾಗ ನಿಧಾನವಾಗಿ, ಗಟ್ಟಿಯಾಗಿ ನಡೆಯಿತು. ಮೇಲೆ ಅವಳ ಸ್ವರಗಳು ಹಾರಿದವು, ಇಳಿದವು, ರಾಗದ ತೋಳು ಹಿಡಿದು ಸುತ್ತಿದವು. ಕಾಲು ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಅವಳ ಸಿಟ್ಟು ಎಲ್ಲೋ ಬಿದ್ದುಹೋಯಿತು. ಅಷ್ಟು ಸುಖವನ್ನು ಅವಳು ಪಿಟೀಲಿನಲ್ಲಿ ಯಾವತ್ತೂ ಉಂಡಿರಲಿಲ್ಲ.

ಕಜೆಟನ್ ಕಣ್ಣು ಬಿಟ್ಟರು. ಮಗಳ ಬೆರಳುಗಳು ತನ್ನ ಸ್ವರಗಳ ಜಾಗದಲ್ಲಿ ಓಡುತ್ತಿರುವುದನ್ನು ನೋಡಿದರು. ತಾನು ಎಲ್ಲಿದ್ದೇನೆ, ಏನು ಮಾಡಿದೆ ಎಂದು ಅವರಿಗೆ ಆಗ ಹೊಳೆಯಿತು. ಮುಖ ಬಿಳುಚಿತು. ಆದರೆ ಕಮಾನು ನಿಲ್ಲಲಿಲ್ಲ. ಕಣ್ಣನ್ನು ಮೆಲ್ಲನೆ ಅವಳ ಮುಂದಿನ ಕಾಗದದ ಕಡೆ ಹೊರಳಿಸಿ, ಉಳಿದ ಭಾಗವನ್ನೆಲ್ಲ ಎರಡನೆಯವರಾಗಿ ನುಡಿಸಿದರು. ಕಾಲು ಕೇಳಲಿಲ್ಲ. ಅವಳ ಕೈಯನ್ನೇ ನೋಡುತ್ತ, ಅಲ್ಲಲ್ಲಿ ತಡವರಿಸಿ, ಕೊನೆ ಮುಟ್ಟಿದರು.

ಆ ಭಾಗ ಮುಗಿಯಿತು. ಚಪ್ಪಾಳೆ ಇಲ್ಲ. ಬರ್ತಾ ಬಾಯಿ ಶಿಲುಬೆಯ ಗುರುತು ಹಾಕಿದರು, ರೋಸಿ ಅವರನ್ನು ಎತ್ತಿ ಕೂರಿಸಿದಳು. ಆಮೇಲೆ ಒಂದು ಕೆಮ್ಮು ಕೂಡ ಇಲ್ಲದಷ್ಟು ಮೌನ.

ಕಜೆಟನ್ ಎದ್ದು ನಿಂತರು. ಕ್ಯಾರಲ್‌ಳ ಭುಜ ಮುಟ್ಟಿ ಎಬ್ಬಿಸಿದರು. ತನ್ನ ಕುರ್ಚಿಯನ್ನು ತೋರಿಸಿದರು. ಅವಳು ತಲೆಯಲ್ಲಾಡಿಸಿದಳು, ಅವರು ಬಿಡಲಿಲ್ಲ, ತೋಳು ಹಿಡಿದು ಕೂರಿಸಿಯೇ ಬಿಟ್ಟರು. ಅವಳ ಕಾಗದವನ್ನು ತನ್ನ ಕಡೆಗೆ, ತನ್ನದನ್ನು ಅವಳ ಕಡೆಗೆ ಇಟ್ಟರು. ಆಮೇಲೆ ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದರು.

ತನ್ನ ದನಿ ತನಗೇ ಕೇಳಿಸದವನಿಗೆ ಪಿಸುಮಾತು ಯಾವುದು, ಕೂಗು ಯಾವುದು ಹೇಗೆ ತಿಳಿಯಬೇಕು? ಅವರ ಪಿಸುಮಾತು ಆ ಮೌನದಲ್ಲಿ ಕೊನೆಯ ಸಾಲಿನ ಗೋಡೆಗೆ ಬಡಿದು ಬಂತು. ಮಾತು ಕೊಂಕಣಿಯಲ್ಲಿತ್ತು. ಕೊಂಕಣಿ ಬಲ್ಲವರೇ ತುಂಬಿರುವ ಮಣಿಪಾಲದಲ್ಲಿ ಅದು ಯಾರಿಂದ ಏನನ್ನು ಮುಚ್ಚಿಟ್ಟೀತು?

"ಬಾಯೆ, ಇನ್ನು ನೀನೇ ಮೊದಲನೆಯವಳು. ಆ ಡಾಕ್ಟರ್ ಬಂದಾಗಲೇ ನಿನ್ನ ಮುಖ ನೋಡಿ ನನಗೆ ಅಂದಾಜಾಯಿತು. ನನಗೆ ಬೇಸರ ಇಲ್ಲ. ಆದರೆ ಕಾಲು ಮಾತ್ರ ಕೊಡು, ಹಾಂ? ನಿನ್ನ ಕಾಲು ಇಲ್ಲದಿದ್ದರೆ ನನಗೆ ಎಂತದೂ ಕೇಳುವುದಿಲ್ಲ. ಯಾರಿಗೂ ಗೊತ್ತಾಗಬಾರದು."

ನಡುವಿನ ಸಾಲಿನಲ್ಲಿ ರೋಸಿಯ ಕೈ ಬಾಯಿಗೆ ಹೋಯಿತು. ಅವಳ ಕಣ್ಣು ಗಂಡನ ಮುಖದಿಂದ ಇಳಿದು, ಹೂಕುಂಡಗಳ ಮೇಲೆ, ಆಮೇಲೆ ಮಗಳ ಬಲಗಾಲಿನ ಕಡೆ ಬಂದು ನಿಂತಿತು. ಸುಘೋಷ ತಲೆ ತಗ್ಗಿಸಿ ಸರಿಯಾಗಿಯೇ ಇದ್ದ ತಂತಿಯನ್ನು ಮತ್ತೆ ಮತ್ತೆ ತಿರುಪಿದ. ಕಾರ್ಲ್‌ನ ಕಣ್ಣು ತುಂಬಿತ್ತು. ಕಜೆಟನ್ ಮಾತ್ರ, ದೊಡ್ಡದೊಂದು ಗುಟ್ಟನ್ನು ಜೋಪಾನ ಮಾಡಿದವರ ಸಮಾಧಾನದಲ್ಲಿ, ಎರಡನೆಯ ಕುರ್ಚಿಯಲ್ಲಿ ಕುಳಿತು ಪಿಟೀಲನ್ನು ಗದ್ದಕ್ಕೆ ಸೇರಿಸಿಕೊಂಡರು. ಸಭೆಯ ಕಡೆ ನೋಡಿ ನಕ್ಕರು.

ಕ್ಯಾರಲ್ ಮೊದಲನೆಯ ಕುರ್ಚಿಯಲ್ಲಿದ್ದಳು. ಬಯಸಿದ್ದು ಸಿಕ್ಕಿತ್ತು. ಮೈಕಿನ ಹತ್ತಿರ ಡಾಕ್ಟರ್ ಹೃಷೀಕೇಶ ಶಾಲಿನ ಪೊಟ್ಟಣ ಎದೆಗೊತ್ತಿಕೊಂಡು ನಿಂತಿದ್ದರು. ಅವರಿಗೂ ಈಗ ಎಲ್ಲ ಗೊತ್ತಾಗಿತ್ತು. ಅವರು ಅವಳನ್ನು ನೋಡಿ ಮೆಲ್ಲನೆ ಹುಬ್ಬು ಏರಿಸಿದರು: ಹೂಂ ಅನ್ನಿ, ಈಗ ಯಾರೂ ನಿಮ್ಮದು ತಪ್ಪು ಎಂದು ಹೇಳುವುದಿಲ್ಲ. ನಿಜ, ಯಾರೂ ಹೇಳುತ್ತಿರಲಿಲ್ಲ. ಇಡೀ ಊರಿಗೆ ಗೊತ್ತಾದ ಮೇಲೆ ಬಚ್ಚಿಡುವುದೇನು, ಮಾತಿಗೆ ಕಟ್ಟುಬೀಳುವುದೇನು? ಗೊತ್ತಿಲ್ಲದವರು ಈಗ ಒಬ್ಬರೇ. ತನ್ನ ಗುಟ್ಟು ಹೊರಗೆ ಬಿದ್ದದ್ದು ಗೊತ್ತಿಲ್ಲದ, ಅವಳ ಪಕ್ಕದಲ್ಲಿ ಕಮಾನು ಎತ್ತಿ ಕಾದಿರುವ ಒಬ್ಬರೇ ಒಬ್ಬರು. ಇಲ್ಲಿಯತನಕ ಅವಳು ಕಾಯಬೇಕಾದದ್ದು ಒಂದು ಗುಟ್ಟನ್ನು. ಇನ್ನು ಮೇಲೆ ಗುಟ್ಟು ಉಳಿದಿಲ್ಲ ಎಂಬ ಗುಟ್ಟನ್ನೂ ಅವರಿಂದ ಕಾಯಬೇಕು. ಅದಕ್ಕೆ ಎಷ್ಟು ವರ್ಷ ಬೇಕಾದೀತೋ.

ಅವಳಿಗೆ ಅಳು ಬರಲಿಲ್ಲ. ದೊಡ್ಡದೊಂದು ಆಯಾಸ ಬಂತು.

ಡಾಕ್ಟರ್ ಕಡೆ ನೋಡಿ ಅವಳು ತಲೆಯಾಡಿಸಿದಳು. ಇಲ್ಲ ಎಂದು. ಒಮ್ಮೆ, ಸ್ಪಷ್ಟವಾಗಿ. ಅವರು ಶಾಲನ್ನು ಬೆನ್ನ ಹಿಂದೆ ಸರಿಸಿಕೊಂಡರು.

ಮೂರನೆಯ ಭಾಗದ ಕಾಗದ ತೆರೆದಿತ್ತು. ಕುರ್ಚಿ ಬದಲಾದದ್ದರಿಂದ ಈಗ ಅವರು ಅವಳ ಎಡಗಡೆ. ಮರದ ನೆಲದ ಮೇಲೆ ಬೂಟು ಜರುಗುವ ಸದ್ದು ಕೇಳಿತು. ಅವರ ಬಲಗಾಲು ಕುರುಡನ ಕೈಯ ಹಾಗೆ ಅತ್ತಿತ್ತ ತಡಕಾಡುತ್ತಿತ್ತು. ಹೂಕುಂಡಗಳಿದ್ದರೂ ಇಡೀ ಸಭಾಂಗಣ ಈಗ ಅಲ್ಲಿಗೇ ನೋಡುತ್ತಿತ್ತು. ಕ್ಯಾರಲ್ ಪಿಟೀಲನ್ನು ಗದ್ದಕ್ಕಿಟ್ಟು, ಎಡಗಾಲನ್ನು ಮುಂದೆ ಚಾಚಿದಳು. ಆ ಕಾಲಿನ ಉಗುರುಗಳು ಇನ್ನೂ ಬೆಳ್ಳಗಿದ್ದವು. ಬೂಟು ಮೇಲೇರಿತು, ಭಾರ ಬಿತ್ತು. ಅವಳು ಬೆರಳು ಎತ್ತಿದಳು.